ಕೊಟ್ಟಿಗೆ ಮೇಲಿನ ಹಲ್ಲು

ಹಲ್ಲಿನ ಡಾಕ್ಟರ್ ಎಂದು ಗೊತ್ತಾದ ತಕ್ಷಣ ನಮ್ಮ ಕಡೆ ಜನ ಹೇಳುವ ಮಾತು ಒಂದೇ: ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಹೇಳುತ್ತಾರೆ, ಮುಳಬಾಗಿಲು ಬಸ್ಸಿನಲ್ಲಿ ಸರಿದು ಜಾಗ ಕೊಟ್ಟು ಹೇಳುತ್ತಾರೆ, ಹೇಳಿ ತಾವೇ ನಗುತ್ತಾರೆ. ಬಿ.ಡಿ.ಎಸ್. ಮುಗಿಸಿದ ಹೊಸತರಲ್ಲಿ ನಾನೂ ನಗುತ್ತಿದ್ದೆ. ಎಂ.ಡಿ.ಎಸ್. ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಮುಗ್ಗರಿಸಿದ ಮೇಲೆ ಆ ಗಾದೆ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಎದುರಿಗಿರುವವರು ಹಿರಿಯರೋ ಕಿರಿಯರೋ ನೋಡದೆ, ಕಡಲೆ ವಿಷಯ ಬಿಡಿ, ರಾತ್ರಿ ಹಲ್ಲುಜ್ಜಿ ಮಲಗಿ ಸಾಕು ಎಂದುಬಿಡುತ್ತಿದ್ದೆ. ಅಮ್ಮ ಪಕ್ಕದಿಂದ ತಿವಿಯುತ್ತಿದ್ದಳು.

ಮೊದಲು ಶ್ರೀನಿವಾಸಪುರದಲ್ಲಿ, ಆಮೇಲೆ ಮುಳಬಾಗಿಲಿನಲ್ಲಿ ಕ್ಲಿನಿಕ್ಕುಗಳಲ್ಲಿ ಕೆಲಸ ಮಾಡಿದ್ದೆ. ಕೆಲಸ, ಓದು ಎರಡೂ ಒಟ್ಟಿಗೆ ಸಾಗಲ್ಲ ಅನ್ನಿಸಿ, ಕೆಲಸ ಬಿಟ್ಟು ತಾಯಲೂರಿನ ಹತ್ತಿರದ ನಮ್ಮೂರಿಗೆ ಬಂದು ಕೂತೆ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಅವರ ಮಗಳು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅಣ್ಣ ಟೊಮೊಟೊ, ಹಿಪ್ಪುನೇರಳೆ ಬೆಳೆಯುತ್ತಾನೆ; ರೇಷ್ಮೆಹುಳದ ಮನೆ ಅತ್ತಿಗೆಯ ರಾಜ್ಯ; ಎರಡು ಸೀಮೆಹಸು ಅಮ್ಮನವು. ಮಾಳಿಗೆ ಮೇಲಿನ ಒಂಟಿ ಕೋಣೆ ನನಗೆ. ಅಲ್ಲಿ ಒಂದು ಮಂಚ, ಒಂದು ಫ್ಯಾನು, ಮಂಚದ ತುಂಬ ಪುಸ್ತಕ. ಬಾಗಿಲು ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಠ ಕೇಳುತ್ತಿದ್ದೆ.

ಈ ಪರೀಕ್ಷೆಯ ಗೋಳು ಏನೆಂದರೆ, ಬಾಯಿ ಒಂದೇ ಆದರೂ ಅದನ್ನು ತುಂಡು ತುಂಡು ಮಾಡಿ ಓದಬೇಕು. ವಸಡಿಗೆ ಒಂದು ವಿಭಾಗ, ಹಲ್ಲಿನೊಳಗಿನ ನರಕ್ಕೆ ಇನ್ನೊಂದು, ಕೀಳುವುದಕ್ಕೆ ಬೇರೆ, ಕಟ್ಟುವುದಕ್ಕೆ ಬೇರೆ, ಸೊಟ್ಟ ಹಲ್ಲು ಸರಿ ಮಾಡುವವರ ದಾರಿಯೇ ಬೇರೆ. ಎಕ್ಸ್‌ರೇ, ರೋಗಲಕ್ಷಣ, ಊರ ಜನರ ಹಲ್ಲಿನ ಆರೋಗ್ಯ, ಎಲ್ಲಕ್ಕೂ ದಪ್ಪ ದಪ್ಪ ಪುಸ್ತಕ. ನನಗೆ ಶಸ್ತ್ರಚಿಕಿತ್ಸೆ ಅಂದರೆ ಪ್ರಾಣ. ಮಕ್ಕಳ ಹಲ್ಲಿನ ವಿಭಾಗವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಚಿಕ್ಕ ಮಕ್ಕಳ ಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತವೆ ಎಂಬ ಸಸಾರ.

ಆ ವಿಭಾಗದಲ್ಲಿ ಪದೇ ಪದೇ ಬರುವ ಒಂದು ಪ್ರಶ್ನೆ ಇದೆ. ಪೆಟ್ಟು ಬಿದ್ದು ಕಾಯಂ ಹಲ್ಲು ಇಡಿಯಾಗಿ ಕಿತ್ತು ಬಂದರೆ ಅದನ್ನು ಯಾವುದರಲ್ಲಿ ಇಟ್ಟುಕೊಂಡು ಡಾಕ್ಟರ ಹತ್ತಿರ ಹೋಗಬೇಕು? ನೀರು, ಎಂಜಲು, ಹಾಲು, ಮತ್ತೆ ನಮ್ಮ ಹಳ್ಳಿಯಲ್ಲಿ ಯಾರೂ ಕಂಡಿರದ ಒಂದು ಔಷಧದ ದ್ರಾವಣ, ಹೀಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ದ್ರಾವಣ ಇಲ್ಲದಿದ್ದರೆ ಹಾಲು. ಯಾಕೆಂದರೆ ಕಿತ್ತು ಬಂದ ಹಲ್ಲಿನ ಬೇರಿನ ಮೇಲೆ ತೆಳುವಾದ ನಾರಿನ ಪದರ ಅಂಟಿಕೊಂಡಿರುತ್ತದೆ. ಹಲ್ಲನ್ನು ದವಡೆಯ ಮೂಳೆಗೆ ಹಿಡಿದಿಡುವುದು ಅದೇ. ಅದು ಒಣಗಿದರೆ ಸಾಯುತ್ತದೆ. ಒಂದು ಗಂಟೆಯೊಳಗೆ, ಆ ಪದರ ಜೀವಂತ ಇರುವಾಗಲೇ, ಹಲ್ಲನ್ನು ಅದರ ಗುಳಿಯಲ್ಲಿ ವಾಪಸ್ ಕೂರಿಸಿದರೆ ಹಲ್ಲು ಉಳಿಯುವ ಸಂಭವ ಇದೆ. ಮೊಬೈಲಿನಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡು ಹಾಲು ಒತ್ತುತ್ತಿದ್ದೆ. ಉತ್ತರ ಸರಿ ಎಂದು ಹಸಿರು ಗೆರೆ ಬರುತ್ತಿತ್ತು.

ಅದೊಂದು ಶನಿವಾರ. ಶನಿವಾರ ಬೆಳಗಿನ ಸ್ಕೂಲು, ಮಧ್ಯಾಹ್ನಕ್ಕೆ ಮಕ್ಕಳು ಮನೆಗೆ ಬರುತ್ತವೆ. ಅಣ್ಣ ಟೊಮೊಟೊ ತೆಗೆದುಕೊಂಡು ಕೋಲಾರದ ಮಂಡಿಗೆ ಹೋಗಿದ್ದ. ನಾನು ಮೇಲೆ ಪಾಠ ಕೇಳುತ್ತಿದ್ದೆ. ಹೊಟ್ಟೆ ಚುರುಗುಟ್ಟಿದಾಗ ಕೆಳಗಿಳಿದು ಬಂದರೆ ಅಣ್ಣನ ಮಗಳು ಬುಜ್ಜಿ, ಐದನೇ ಕ್ಲಾಸಿನ ಹುಡುಗಿ, ನಡುಮನೆಯ ಕಂಬಕ್ಕೆ ಒರಗಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ಬಟ್ಟೆ ಕೆಂಪಾಗಿತ್ತು. ಓಡಿ ಬರುವಾಗ ನಲ್ಲಿ ಹತ್ತಿರದ ಚಪ್ಪಡಿ ಕಲ್ಲಿನ ಮೇಲೆ ಮುಗ್ಗರಿಸಿ ಬಿದ್ದಳಂತೆ. ಅಮ್ಮ ಬಾಯಿ ತೊಳೆಸಿ, ಸಕ್ಕರೆ ತಿನ್ನಿಸಿ ಕೂರಿಸಿದ್ದಳು. ಅಮ್ಮನಿಗೆ ಗಾಬರಿಯೇನೂ ಇರಲಿಲ್ಲ.

"ಏನಿಲ್ಲ ಕಣೇ, ಒಂದು ಹಲ್ಲು ಬಿತ್ತು," ಅಂದಳು. "ಈ ಸಲ ಬೇರು ಸಮೇತ ಬಂದ್ಬಿಟ್ಟಿದೆ. ಒಳ್ಳೇದೇ ಆಯ್ತು, ಹೊಸದು ಸಲೀಸಾಗಿ ಬರುತ್ತೆ."

ಬೇರು ಸಮೇತ ಎಂಬ ಮಾತು ಕೇಳಿ ಹುಡುಗಿಯ ಮುಂದೆ ಕೂತೆ. ಹಾಲುಹಲ್ಲು ಬೇರು ಸಮೇತ ಬೀಳುವುದಿಲ್ಲ. ಕೆಳಗಿನಿಂದ ಬರುವ ಹೊಸ ಹಲ್ಲು ಅದರ ಬೇರನ್ನು ಮೊದಲೇ ಕರಗಿಸಿರುತ್ತದೆ, ಅದಕ್ಕೇ ಅಷ್ಟು ಸುಲಭವಾಗಿ ಕಳಚಿಕೊಳ್ಳುತ್ತದೆ. ಬೇರಿದ್ದರೆ ಅದು ಕಾಯಂ ಹಲ್ಲು. ಬಟ್ಟೆ ತೆಗೆಸಿ ನೋಡಿದೆ. ಮೇಲಿನ ಸಾಲಿನ ನಡುವಿನ ಹಲ್ಲು ಇರಲಿಲ್ಲ. ಎರಡು ದೊಡ್ಡ ಹಲ್ಲುಗಳಲ್ಲಿ ಒಂದು, ನಕ್ಕರೆ ಮೊದಲು ಕಾಣುವುದು. ಅಲ್ಲಿ ಬರೀ ರಕ್ತದ ಗುಳಿ. ಅದಕ್ಕೆ ಬದಲಿ ಇನ್ನು ಜನ್ಮದಲ್ಲಿ ಹುಟ್ಟುವುದಿಲ್ಲ.

ಹಲ್ಲು ಎಲ್ಲಿ ಎಂದು ಕೇಳಿದೆ. ಅಮ್ಮ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. ನಮ್ಮಲ್ಲಿ ಮಕ್ಕಳ ಹಲ್ಲು ಬಿದ್ದರೆ ಸಗಣಿ ಉಂಡೆಯೊಳಗೆ ಅದನ್ನು ಇಟ್ಟು ಮನೆ ಮೇಲೆ ಎಸೆಯುವುದು ರೂಢಿ. ಹಾಗೆ ಮಾಡಿದರೆ ಹೊಸ ಹಲ್ಲು ಬೇಗ ಬರುತ್ತದೆ, ಸಾಲಾಗಿ ಬರುತ್ತದೆ. ಮನೆಗೆ ಆರ್‌ಸಿಸಿ ಹಾಕಿಸಿದ ಮೇಲೆ ಅಮ್ಮ ಹೆಂಚಿನ ಕೊಟ್ಟಿಗೆ ಮೇಲೆ ಎಸೆಯುತ್ತಿದ್ದಳು. ಹಿಂದಿನ ತಿಂಗಳು ಇದೇ ಹುಡುಗಿಯ ದವಡೆಯ ಹಾಲುಹಲ್ಲೊಂದು ಬಿದ್ದು ಅಲ್ಲಿಗೇ ಹೋಗಿತ್ತು. ಈಗ ಇದೂ ಹೋಗಿತ್ತು.

"ಎಷ್ಟು ಹೊತ್ತಾಯ್ತಮ್ಮಾ?"

"ಈಗಿನ್ನೂ ಕಣೇ. ಹಾಲು ಕಾಯಿಸಿ ಇಳಿಸಿದೆ, ಅಷ್ಟೇ."

ಆಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಮನೆಯಲ್ಲಿ ಹಲ್ಲಿನ ಡಾಕ್ಟರ್ ಇಟ್ಟುಕೊಂಡು, ಒಂದು ಮಾತು ಕೂಗಿ ಕೇಳಬಾರದಾ ಎಂದೆ. ಕೂಗಿದೆ, ನಿನ್ನ ಕಿವೀಲಿ ಅದೇನೋ ಇತ್ತಲ್ಲ ಎಂದಳು ಅಮ್ಮ. ಅದೂ ನಿಜವೇ. ಜಗಳಕ್ಕೆ ಪುರುಸೊತ್ತಿರಲಿಲ್ಲ. ಗೋಡೆಗೆ ಒರಗಿಸಿದ್ದ ಹುಣಸೆಕಾಯಿ ಬಡಿಯುವ ಏಣಿ ಎಳೆದುಕೊಂಡು ಕೊಟ್ಟಿಗೆ ಹತ್ತಿದೆ. ಒಂದು ಹೆಂಚು ಕಾಲಡಿ ಲಟಕ್ ಎಂದು ಮುರಿಯಿತು, ಕೆಳಗೆ ಹಸು ಬೆದರಿ ಹಗ್ಗ ಜಗ್ಗಿತು.

ಮೇಲೆ ನೋಡಿದರೆ ಒಂದಲ್ಲ, ಹಲವು ಉಂಡೆಗಳು! ನಮ್ಮ ಮನೆಯದು, ಚಿಕ್ಕಪ್ಪನ ಮನೆಯ ಮಕ್ಕಳದು, ಬೀದಿಯಲ್ಲಿ ಹಸು ಇಲ್ಲದ ಮನೆಯವರದು, ಎಲ್ಲರ ಹಲ್ಲೂ ನಮ್ಮ ಕೊಟ್ಟಿಗೆ ಮೇಲೇ. ಬಹಳಷ್ಟು ಒಣಗಿ ಬೆಳ್ಳಗಾಗಿದ್ದವು. ಎರಡು ಹೆಂಚಿನ ಸಂದಿಯಲ್ಲಿ ಒಂದು ಮಾತ್ರ ಹಸಿಯಾಗಿ, ಹಸಿರಾಗಿ ಕೂತಿತ್ತು. ಒಡೆದೆ. ಹಲ್ಲು ಸಿಕ್ಕಿತು. ಬಾಯಲ್ಲಿ ಕಾಣುವ ಬಿಳಿ ಭಾಗವನ್ನು ಮಾತ್ರ ಹಿಡಿಯಬೇಕು, ಬೇರು ಮುಟ್ಟಬಾರದು, ಉಜ್ಜಬಾರದು, ಇದೂ ಪರೀಕ್ಷೆಗೆ ಬರುತ್ತದೆ. ಹಾಗೇ ಹಿಡಿದುಕೊಂಡು ಒಂದೇ ಕೈಯಲ್ಲಿ ಏಣಿ ಇಳಿದೆ. ಹಾಲು, ನೀರು, ಎಂಜಲು ಎಂದು ಬರೆದ ಮಹಾನುಭಾವರು ಯಾರೂ ಸಗಣಿಯ ಬಗ್ಗೆ ಯೋಚನೆ ಮಾಡಿಯೇ ಇರಲಿಲ್ಲ. ಒಣಗಿರಲಿಲ್ಲ ಎಂಬುದೊಂದೇ ಸಮಾಧಾನ.

ನಲ್ಲಿಯ ಸಣ್ಣ ಧಾರೆಗೆ ಹಿಡಿದು ಸಗಣಿ ಹೋಗುವಷ್ಟು ತೊಳೆದೆ. ಇನ್ನು ಹಾಲು. ಬೆಳಗಿನ ಹಾಲು ಡೈರಿಗೆ ಹೋಗಿಯಾಗಿತ್ತು. ಮನೆಗೆ ಉಳಿಸಿಕೊಂಡಿದ್ದನ್ನು ಅಮ್ಮ ಆಗ ತಾನೇ ಉಕ್ಕಿಸಿ ಇಳಿಸಿದ್ದಳು, ಅದರಲ್ಲಿ ಹಾಕಿದರೆ ಹಲ್ಲು ಬೆಂದೇಹೋಗುತ್ತದೆ. ಅಮ್ಮ ಚೊಂಬು ಹಿಡಿದು ಹಸುವಿನ ಹತ್ತಿರ ಹೋದಳು. ಹೆಂಚು ಮುರಿದ ಸದ್ದಿಗೆ ಬೆದರಿದ್ದ ಹಸು ಒದೆಯಿತೇ ಹೊರತು ಒಂದು ತೊಟ್ಟು ಇಳಿಸಲಿಲ್ಲ. ಅಕ್ಕಪಕ್ಕದವರದೂ ಅದೇ ಕತೆ. ಊರಿಗೆ ಊರೇ ಹಸು ಕಟ್ಟಿದೆ, ಮಧ್ಯಾಹ್ನದ ಹೊತ್ತು ತಣ್ಣಗಿನ ಹಾಲು ಒಂದು ಲೋಟ ಇಲ್ಲ. ಕೊನೆಗೆ ಅಂಗಡಿಯ ಫ್ರಿಜ್ಜಿನಿಂದ ಪ್ಯಾಕೆಟ್ ಹಾಲು ತಂದವಳು ಅಮ್ಮನೇ. ಆ ವಯಸ್ಸಿನಲ್ಲಿ ಅವಳು ಹಾಗೆ ಓಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಹುಳದ ಮನೆಯಿಂದ ಓಡಿಬಂದಿದ್ದರು. ಹಲ್ಲನ್ನು ಅಲ್ಲೇ ಕೂರಿಸಿಬಿಡು ಎನ್ನುತ್ತದೆ ಪುಸ್ತಕ. ಆದರೆ ಸಗಣಿ ಮೆತ್ತಿದ್ದ ಹಲ್ಲನ್ನು ಮಗುವಿನ ಮೂಳೆಯೊಳಕ್ಕೆ ಹಾಗೇ ತುರುಕಲು ಧೈರ್ಯ ಬರಲಿಲ್ಲ. ಸ್ಕೂಟಿಯಲ್ಲಿ ಮುಂದೆ ಅತ್ತಿಗೆ, ನಡುವೆ ಹುಡುಗಿ, ಹಿಂದೆ ಹಾಲಿನ ಡಬ್ಬಿ ಹಿಡಿದು ನಾನು. ಅಮ್ಮ ತಾನೂ ಬರ್ತೀನಿ ಎಂದಳು. ಜಾಗ ಎಲ್ಲಿದೆ? ಅವಳನ್ನು ಬಾಗಿಲಲ್ಲೇ ಬಿಟ್ಟು ಹೊರಟೆವು.

ಮುಳಬಾಗಿಲಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನ ಹಿರಿಯ ಡಾಕ್ಟರು ಊಟಕ್ಕೆ ಏಳುವುದರಲ್ಲಿದ್ದರು. ಡಬ್ಬಿ ಮೂಸಿ ನೋಡಿ ಮುಖ ಕಿವುಚಿದರು. ನಾನು ನಡೆದದ್ದು ಹೇಳಿದೆ. ಕೂರಿಸಿದರೂ ಎಷ್ಟು ವರ್ಷ ನಿಂತೀತಮ್ಮ ಎಂದರು. ಎಷ್ಟು ನಿಂತರೆ ಅಷ್ಟು ಸರ್, ಬೆಳೆಯುವ ಮಗು, ಹಲ್ಲಿಲ್ಲದಿದ್ದರೆ ಅಲ್ಲಿಯ ಮೂಳೆ ಕುಗ್ಗಿಹೋಗುತ್ತೆ ಅಂತ ವಾದಕ್ಕೆ ನಿಂತೆ. ಅವರು ನಕ್ಕು ಕೈಗವಸು ಹಾಕಿಕೊಂಡರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಗುಳಿಯನ್ನೂ ಹಲ್ಲನ್ನೂ ಸಲೈನಿನಲ್ಲಿ ತೊಳೆದು, ಮೆಲ್ಲಗೆ ಒತ್ತಿ ಕೂರಿಸಿದೆವು. ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ತೆಳು ತಂತಿ ಅಂಟಿಸಿದೆವು. ಬಿಗಿ ಕಟ್ಟಬಾರದು, ಸ್ವಲ್ಪ ಅಲುಗಾಡಬೇಕು, ಆಗಲೇ ಆ ನಾರಿನ ಪದರ ಬದುಕುವುದು. ಸಗಣಿ ಅಂದಮೇಲೆ ಧನುರ್ವಾಯು ಇಂಜೆಕ್ಷನ್ ಮರೆಯುವ ಹಾಗಿಲ್ಲ, ಸರ್ಕಾರಿ ಆಸ್ಪತ್ರೆಗೆ ಹೋಗಿ ಅದನ್ನೂ ಹಾಕಿಸಿದೆವು. ಹುಡುಗಿ ಒಂದು ಸಲವೂ ಕಿರುಚಲಿಲ್ಲ. ಮನೆಗೆ ಬಂದಾಗ ಅಮ್ಮ ಬೀದಿಯ ತುದಿಯಲ್ಲೇ ನಿಂತಿದ್ದಳು.

ಅಲ್ಲಿಂದಾಚೆಗೆ ನನ್ನ ಓದಿನ ರೀತಿಯೇ ಬದಲಾಯಿತು. ಬದಲಾಯಿಸಬೇಕೆಂದು ಬದಲಾಯಿಸಿದ್ದಲ್ಲ, ಆ ಹಲ್ಲು ಎಳೆದುಕೊಂಡು ಹೋಯಿತು. ಮರುವಾರ ಹಲ್ಲಿನೊಳಗಿನ ಸತ್ತ ನರ ತೆಗೆದು ಔಷಧ ತುಂಬಬೇಕಿತ್ತು, ರೂಟ್ ಕೆನಾಲ್ ಪುಸ್ತಕ ಬಿಚ್ಚಿದೆ. ತಂತಿ ಬಿಚ್ಚಿದ ಮೇಲೆ ವಸಡು ಅಂಟಿದೆಯೋ ಇಲ್ಲವೋ ನೋಡಲು ವಸಡಿನ ಪುಸ್ತಕ. ಎಕ್ಸ್‌ರೇಯಲ್ಲಿ ಬೇರಿನ ಸುತ್ತ ಇರಬೇಕಾದ ಕಪ್ಪು ಗೆರೆ ಹುಡುಕುತ್ತ ಇನ್ನೊಂದು. ಹಿಂದೆ ನಾಲ್ಕು ಪುಸ್ತಕದಲ್ಲಿ ನಾಲ್ಕು ಸಲ ಉರು ಹೊಡೆದು ಮರೆತಿದ್ದ ಸಂಗತಿಗಳು ಒಂದೇ ಹಲ್ಲಿನ ಸುತ್ತ ಸೇರಿಕೊಂಡವು. ಮುಖ್ಯವಾದದ್ದು ಇಷ್ಟೇ. ಆ ಪದರ ಬದುಕಿದ್ದರೆ ಹಲ್ಲು ಮೊದಲಿನಂತೆ ಅಂಟಿಕೊಳ್ಳುತ್ತದೆ. ಕೀವು ಸೇರಿದರೆ ಬೇರು ಬೇಗ ಕರಗುತ್ತದೆ, ಅದನ್ನು ಔಷಧದಿಂದ ತಡೆಯಬಹುದು. ಪದರ ಸತ್ತಿದ್ದರೆ ದವಡೆಯ ಮೂಳೆ ನೇರವಾಗಿ ಹಲ್ಲಿಗೆ ಅಂಟಿಕೊಂಡು, ಬೇರನ್ನೂ ಮೂಳೆ ಎಂದೇ ತಿಳಿದು, ವರ್ಷಗಟ್ಟಲೆ ನಿಧಾನವಾಗಿ ತಿಂದು ತನ್ನದಾಗಿಸಿಕೊಳ್ಳುತ್ತದೆ. ಅದಕ್ಕೆ ಔಷಧ ಇಲ್ಲ.

ಪರೀಕ್ಷೆಯೂ ಬಂತು. ಹಲ್ಲು ಯಾವುದರಲ್ಲಿ ಇಡಬೇಕು ಎಂಬ ಪ್ರಶ್ನೆ ಆ ವರ್ಷ ಬರಲೇ ಇಲ್ಲ! ಆದರೂ ಪಾಸಾದೆ. ವಿಭಾಗ ಆರಿಸುವಾಗ ಮಕ್ಕಳ ಹಲ್ಲನ್ನೇ ಆರಿಸಿಕೊಂಡೆ. ನೆಂಟರೊಬ್ಬರು, ಬಿದ್ದುಹೋಗೋ ಹಲ್ಲಿಗೆ ಇನ್ನೂ ಮೂರು ವರ್ಷ ಓದಬೇಕಾ ಎಂದು ಕೇಳಿದರು. ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಅಮ್ಮ ಆ ಸಲ ತಿವಿಯಲಿಲ್ಲ.

ಅಮ್ಮ ಬೇರೆಯೇ ಆಗಿಬಿಟ್ಟಿದ್ದಳು. ಸಂಜೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರಿಗೆಲ್ಲ, ಬೇರಿರೋ ಹಲ್ಲು ಬಿದ್ದರೆ ಎಸೀಬೇಡ್ರಮ್ಮಾ, ತಣ್ಣಗಿನ ಹಾಲಲ್ಲಿ ಹಾಕ್ಕೊಂಡು ಓಡಿ ಎಂದು ಹೇಳಿದ್ದೇ ಹೇಳಿದ್ದು. ನಾನು ಮಾಡಿದ ತಪ್ಪು ನೀವು ಮಾಡಬೇಡಿ ಎಂದೂ ಸೇರಿಸುತ್ತಿದ್ದಳಂತೆ. ದಿನಾ ಬೆಳಿಗ್ಗೆ ಜಡೆ ಹಾಕುವ ಮುಂಚೆ ಮೊಮ್ಮಗಳ ತುಟಿ ಎತ್ತಿ, ಹೆಬ್ಬೆರಳಲ್ಲಿ ಆ ಹಲ್ಲನ್ನು ಒತ್ತಿ ನೋಡುವಳು. ನಾನು ಊರಿಗೆ ಹೋದಾಗಲೆಲ್ಲ ಅದೇ ವರದಿ. ಬುಜ್ಜಿ ಹಲ್ಲು ಒಂದಿಷ್ಟೂ ಅಲ್ಲಾಡಲ್ಲ ಕಣೇ, ಕಲ್ಲು ಆಗಿದೆ, ಬೇರೆ ಹಲ್ಲಿಗಿಂತ ಗಟ್ಟಿ, ನಿನ್ನ ಕೈಗುಣ ಚೆನ್ನಾಗಿದೆ ಎಂದು ಸಂಭ್ರಮ ಪಡುವಳು.

ನಾನು ಹೂಂ ಎನ್ನುತ್ತಿದ್ದೆ. ಆರೋಗ್ಯವಾಗಿರುವ ಹಲ್ಲು ಕಣ್ಣಿಗೆ ಕಾಣದಷ್ಟಾದರೂ ಅಲುಗಾಡುತ್ತದೆ. ಕಲ್ಲಿನಂತೆ ಗಟ್ಟಿಯಾಗಿದೆ ಎಂದರೆ ಮೂಳೆ ಅದನ್ನು ಹಿಡಿದುಕೊಂಡಿದೆ ಎಂದೇ ಅರ್ಥ. ಬಾಯಿ ನೋಡುವ ಪುಟ್ಟ ಕನ್ನಡಿಯ ಹಿಡಿಯಿಂದ ತಟ್ಟಿದಾಗ ಪಕ್ಕದ ಹಲ್ಲುಗಳು ಮಂದವಾಗಿ ಸದ್ದು ಮಾಡಿದರೆ ಇದು ಟಣ್ ಎನ್ನುತ್ತಿತ್ತು. ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಇಷ್ಟು ಜೋರಿನ ನನಗೆ ಬಾಯಿ ಬರಲಿಲ್ಲ ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ಹುಡುಗಿಯನ್ನು ನಾನು ಓದುತ್ತಿರುವ ಕಾಲೇಜಿಗೆ ಕರೆಸಿದೆ. ಜೊತೆಗೆ ಅಮ್ಮ ಬಂದಳು. ಹುಡುಗಿ ಈಗ ಹೈಸ್ಕೂಲು, ನನ್ನ ಭುಜಕ್ಕೆ ಬಂದಿದ್ದಾಳೆ. ಮುಖ ಬೆಳೆದಿದೆ, ದವಡೆ ಬೆಳೆದಿದೆ, ಉಳಿದ ಹಲ್ಲುಗಳು ಅದರ ಜೊತೆ ಕೆಳಗೆ ಇಳಿದಿವೆ. ಆ ಒಂದು ಹಲ್ಲು ಮಾತ್ರ ಮೂಳೆಗೆ ಸಿಕ್ಕಿಕೊಂಡು ಇದ್ದಲ್ಲೇ ಇದ್ದು, ಪಕ್ಕದ್ದಕ್ಕಿಂತ ಗಿಡ್ಡವಾಗಿ ಕಾಣುತ್ತಿತ್ತು. ನಗುವಾಗ ಅವಳು ತುಟಿ ಬಿಗಿಹಿಡಿಯುವುದನ್ನು ಕಲಿತಿದ್ದಳು. ಎಕ್ಸ್‌ರೇ ತೆಗೆದೆ. ಬೇರಿನ ಅರ್ಧಕ್ಕೂ ಹೆಚ್ಚು ಭಾಗ ಕರಗಿಹೋಗಿತ್ತು. ಅದರ ಜಾಗದಲ್ಲೆಲ್ಲ ಮೂಳೆ.

ಮುಚ್ಚಿಡದೆ ಹೇಳಿದೆ. ಈ ಹಲ್ಲು ಉಳಿಯುವುದಿಲ್ಲ. ಮೇಲ್ಭಾಗ ತೆಗೆದು, ಉಳಿದ ಬೇರನ್ನು ಮೂಳೆಯಲ್ಲೇ ಬಿಟ್ಟು, ಅಲ್ಲಿಯ ಮೂಳೆ ಕುಗ್ಗದ ಹಾಗೆ ಕಾಯಬೇಕು. ಸದ್ಯಕ್ಕೆ ತೆಗೆದು ಮತ್ತೆ ಹಾಕಿಕೊಳ್ಳುವ ಕೃತಕ ಹಲ್ಲು. ಬೆಳವಣಿಗೆ ಪೂರ್ತಿ ನಿಂತ ಮೇಲೆ ಹೊಸದು ಕೂರಿಸಬಹುದು. ನಾಲ್ಕು ವರ್ಷ ಹತ್ತಿರ ನಿಂತಿದೆ, ಮೂಳೆ ಉಳಿಸಿಕೊಟ್ಟಿದೆ, ದಂಡವಾಗಲಿಲ್ಲ ಎಂದೂ ಹೇಳಿದೆ. ಹುಡುಗಿ ಕೈಬೆರಳು ನೋಡಿಕೊಳ್ಳುತ್ತ, "ಸರಿ ಅತ್ತೆ" ಎಂದಳು. ಕಣ್ಣು ತುಂಬಿದ್ದವು.

ಅಮ್ಮ ನನ್ನಿಂದಾನಾ ಎಂದು ಕೇಳಲಿಲ್ಲ. ಕೇಳುತ್ತಾಳೆಂದು ನಾನು ಉತ್ತರ ಹುಡುಕುತ್ತಿದ್ದೆ. ಅವಳು ಮೊಮ್ಮಗಳ ತೋಳು ಹಿಡಿದು ಕುರ್ಚಿಯಿಂದ ಎಬ್ಬಿಸಿ, ಚಪ್ಪಲಿ ಬಿಟ್ಟು, ಸೆರಗು ಸರಿ ಮಾಡಿಕೊಂಡು ಆ ಕುರ್ಚಿಯಲ್ಲಿ ತಾನು ಕೂತಳು.

"ಕಿಡ್ನೀನೇ ಒಬ್ಬರದು ತೆಗೆದು ಇನ್ನೊಬ್ಬರಿಗೆ ಹಾಕ್ತಾರಂತೆ. ಇದೇನು, ಒಂದು ಹಲ್ಲು ತಾನೇ? ನಂದು ತಗೊಂಡು ಮಗೂಗೆ ಹಾಕು."

ಹಾಗೆಲ್ಲ ಆಗಲ್ಲಮ್ಮಾ ಎಂದೆ. ಅವರವರ ಬಾಯಿಯ ಹಲ್ಲನ್ನೇ ಬೇಕಾದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕಬಹುದು, ಇನ್ನೊಬ್ಬರದು ಮೈ ಒಪ್ಪುವುದಿಲ್ಲ ಎಂದು ಬಿಡಿಸಿ ಹೇಳಿದೆ.

"ನೀನು ನೋಡೇ ಇಲ್ಲ. ನೋಡದೆ ಆಗಲ್ಲ ಅಂತೀಯ. ನೋಡಿ ಹೇಳು," ಎಂದು ತಲೆ ಹಿಂದಕ್ಕೆ ಒರಗಿಸಿ ಬಾಯಿ ತೆರೆದಳು.

ಇಷ್ಟು ವರ್ಷ ಹಲ್ಲು ಓದಿದ ನಾನು ಅಮ್ಮನ ಬಾಯಿಯನ್ನು ಒಂದು ದಿನವೂ ನೋಡಿರಲಿಲ್ಲ. ದೀಪ ಎಳೆದುಕೊಂಡೆ. ಬೋರ್‌ವೆಲ್ ನೀರಿನ ಕಂದು ಗೆರೆ ಅಲ್ಲಲ್ಲಿ ಇತ್ತು. ಮುಂದಿನ ಹಲ್ಲುಗಳು ಒಂದೂ ಹುಳುಕಾಗಿರಲಿಲ್ಲ, ಸವೆದಿರಲಿಲ್ಲ, ಮುಟ್ಟಿ ನೋಡಿದರೆ ಹದವಾಗಿ, ಹೇಗಿರಬೇಕೋ ಹಾಗೆ ನಿಂತಿದ್ದವು. ಚೆನ್ನಾಗಿವೆ ಅಮ್ಮ, ಬಾಯಿ ಮುಚ್ಚು ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಲಿಲ್ಲ.